ಹೆಂಗಸರ ಗೊರಕೆಯನ್ನು ಲೆಕ್ಕಕ್ಕೆ ಹಿಡಿಯೋರು ಯಾರು?

ಆಪರೇಷನ್‌ಗೆ ಮುಂಚೆ ಅನಸ್ತೇಶಿಯಾ ಡಾಕ್ಟರ್ ಬಂದು "ರಾತ್ರಿ ಗೊರಕೆ ಹೊಡೀತೀರಾ?" ಅಂತ ಕೇಳಿದರೆ ಅದು ಸುಮ್ನೆ ಕೇಳಿದ್ದಲ್ಲ. ನಿದ್ದೆಯಲ್ಲಿ ಗಂಟಲು ಸಡಿಲವಾಗಿ ಉಸಿರಿನ ದಾರಿಯೇ ಮತ್ತೆ ಮತ್ತೆ ಮುಚ್ಚಿಕೊಳ್ಳುವ ಕಾಯಿಲೆ ಸ್ಲೀಪ್ ಅಪ್ನಿಯಾ. ಅದಿದ್ದವರಿಗೆ ಅರಿವಳಿಕೆ, ಜೋರಾದ ನೋವಿನ ಇಂಜೆಕ್ಷನ್ ಕೊಟ್ಟಾಗ ಅಪಾಯ ಜಾಸ್ತಿ. ನಾನೂ ಇದೇ ಕೆಲಸದವಳು. ಹಾಗಾಗಿ ಈ ವಿಷಯ ಬರೆಯಲೇಬೇಕು ಅನ್ನಿಸಿತು.

ಈ ಕಾಯಿಲೆಯ ಅಪಾಯ ಯಾರಿಗಿದೆ ಅಂತ ಅಂದಾಜಿಸಲು ನಾವು ಹೆಚ್ಚಾಗಿ ಬಳಸುವ ಪ್ರಶ್ನಾವಳಿ ಸ್ಟಾಪ್-ಬ್ಯಾಂಗ್. ಟೊರಾಂಟೊದ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚಂಗ್ ಮತ್ತು ಅವರ ತಂಡ 2008ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಕೇಳೋದು ಇವು: ಗೊರಕೆ, ಹಗಲು ಸುಸ್ತು, ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದು, ಬಿಪಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 35ಕ್ಕಿಂತ ಮೇಲೆ, ವಯಸ್ಸು 50ಕ್ಕಿಂತ ಮೇಲೆ, ದಪ್ಪ ಕತ್ತು, ಗಂಡಸಾಗಿರುವುದು. ಒಟ್ಟು 8. ಹೌದು ಅಂದರೆ ಒಂದು ಅಂಕ. 2ರವರೆಗೆ ಅಪಾಯ ಕಡಿಮೆ, 3-4 ಮಧ್ಯಮ, 5 ಅಥವಾ ಅದಕ್ಕಿಂತ ಮೇಲೆ ಬಂದರೆ ಹೆಚ್ಚು. ಮೈತುಂಬಾ ವೈರ್ ಅಂಟಿಸಿಕೊಂಡು ಲ್ಯಾಬ್‌ನಲ್ಲಿ ರಾತ್ರಿ ಕಳೆಯುವ ಪರೀಕ್ಷೆಯನ್ನು ಎಲ್ಲರಿಗೂ ಮಾಡಿಸಲು ಆಗಲ್ಲ. ಈ ಪ್ರಶ್ನಾವಳಿಗೆ ಒಂದು ಟೇಪು, ತೂಕದ ಯಂತ್ರ, ಎರಡು ನಿಮಿಷ ಸಾಕು. ನನಗೆ ಇದರ ಮೇಲೆ ನಿಜವಾದ ಗೌರವವಿದೆ.

ಆದರೆ ನಮ್ಮ ಮನೆಗಳ ಹೆಂಗಸರ ವಿಷಯದಲ್ಲಿ ಇದು ಎಡವುತ್ತದೆ.

ಲೆಕ್ಕ ಹಾಕಿ ನೋಡಿ. 48 ವರ್ಷ, ಐದು ಅಡಿ ಎತ್ತರ, 70 ಕೆಜಿ ತೂಕ. ಬಿಪಿ ಮಾತ್ರೆ ನಡೀತಿದೆ, ಹಗಲೆಲ್ಲ ಸುಸ್ತು. ಬಿಎಂಐ ಸುಮಾರು 30. ನಮ್ಮ ದೇಶದ ಲೆಕ್ಕದಲ್ಲಿ 25ಕ್ಕೇ ಬೊಜ್ಜು ಅಂತೀವಿ, ಆದರೆ ಇಲ್ಲಿ ಅಂಕ ಸಿಗಬೇಕಾದರೆ ಆಕೆ 81 ಕೆಜಿ ದಾಟಿರಬೇಕು. ಮಲಗೋದು ಮಕ್ಕಳ ರೂಮಿನಲ್ಲೋ ಅತ್ತೆಯ ಪಕ್ಕದಲ್ಲೋ. ಉಸಿರು ನಿಂತದ್ದನ್ನು ಎದ್ದು ಕೂತು ನೋಡೋರು ಯಾರು? ಗೊರಕೆ ಕೇಳಿದರೆ "ಅಯ್ಯೋ, ಇಲ್ಲಪ್ಪ" ಅಂತ ಸೆರಗು ಬಾಯಿಗೆ ಹೋಗುತ್ತದೆ. ಬಂದ ಅಂಕ 2. ಅಪಾಯ ಕಡಿಮೆ! ಇದೇ ಉತ್ತರ ಕೊಟ್ಟ ಗಂಡಸಿಗೆ 3 ಬರುತ್ತದೆ, ಅವನ ಬಗ್ಗೆ ನಾವು ಎಚ್ಚರವಾಗುತ್ತೇವೆ.

ಗಂಡಸರಲ್ಲಿ ಈ ಕಾಯಿಲೆ ಜಾಸ್ತಿ, ನಿಜ. ಆದರೆ ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಏರುತ್ತದೆ. ಅವರು ಹೇಳಿಕೊಳ್ಳೋದು ಬೆಳಗಿನ ತಲೆನೋವು, ನಿದ್ದೆ ಬಾರದಿರುವುದು, ಬೇಸರ. ಅದಕ್ಕೆ "ವಯಸ್ಸಿನದು", "ಟೆನ್ಶನ್" ಅಂತ ಮಾತ್ರೆ ಬರೆದುಕೊಡುತ್ತಾರೆ. ಈ ದೂರುಗಳಿಗೆ ಆ ಎಂಟರಲ್ಲಿ ಜಾಗವೇ ಇಲ್ಲ, ಅಲ್ವಾ?

ಪ್ರಶ್ನಾವಳಿಯನ್ನೇ ನಂಬಿ ಕಾಯಿಲೆ ಇದೆ, ಇಲ್ಲ ಅನ್ನಬೇಡಿ ಅಂತ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2017ರಲ್ಲೇ ಹೇಳಿದೆ. ಆದರೂ ಕಡಿಮೆ ಅಂಕ ಕಂಡರೆ ಫೈಲ್ ಮುಚ್ಚುವ ಅಭ್ಯಾಸ ಹೋಗಿಲ್ಲ.

ನನ್ನ ಸಹೋದ್ಯೋಗಿಗಳಲ್ಲಿ ಒಂದು ಕೋರಿಕೆ. "ಗೊರಕೆ ಇದೆಯಾ ಅಮ್ಮ?" ಅನ್ನುವ ಬದಲು "ರಾತ್ರಿ ನಿಮ್ಮ ಪಕ್ಕ ಯಾರು ಮಲಗ್ತಾರೆ?" ಅಂತ ಶುರು ಮಾಡಿ. ಅವರನ್ನೂ ಒಳಗೆ ಕರೆಸಿ ಕೇಳಿ. ಅಂಕ 2 ಬಂದರೂ, ಬಿಪಿ ಹತೋಟಿಗೆ ಬಾರದೆ ಬೆಳಗ್ಗೆ ತಲೆ ಸಿಡಿಯುತ್ತಿದ್ದರೆ ನಿದ್ದೆಯ ಪರೀಕ್ಷೆಗೆ ಬರೆಯಿರಿ. ಎಷ್ಟೋ ಜನರಿಗೆ ಬೆರಳಿಗೆ, ಎದೆಗೆ ಸಣ್ಣ ಸಾಧನ ಕಟ್ಟಿಕೊಂಡು ಮನೆಯಲ್ಲೇ ಮಲಗಿ ಮಾಡಿಸುವ ಪರೀಕ್ಷೆಯೂ ಆಗುತ್ತದೆ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವ ಮಕ್ಕಳೇ, ಹಿಂದಿನ ರಾತ್ರಿ ಅವರ ಗೊರಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ. ಅವರಿಗೆ ಮೊದಲೇ ಹೇಳಿ, ಒಪ್ಪಿಸಿ.