ಟಿಕ್ ಅಂದ್ರೆ ಒಂದು ಚಮಚ

ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದ ದಿನ ನಾನು ಡಾಕ್ಟರನ್ನು ಕೇಳಿದ ಮೊದಲ ಪ್ರಶ್ನೆ, 'ಹಾಗಾದ್ರೆ ಟೀ?' ಅವರು, 'ಸಕ್ಕರೆ ಬಿಟ್ಟು ಕುಡೀರಿ' ಅಂದರು. ನನಗೆ ಕೇಳಿಸಿದ್ದು 'ಕುಡೀರಿ' ಮಾತ್ರ.

ಮರುದಿನವೇ ಸಕ್ಕರೆಯ ಬದಲು ಹಾಕುವ ಕೃತಕ ಸಿಹಿ, ಸ್ಯಾಕರಿನ್ ಡಬ್ಬಿ ತಂದೆ. ಅದರ ತಲೆ ಒತ್ತಿದರೆ 'ಟಿಕ್' ಅಂತ ಪುಟಾಣಿ ಮಾತ್ರೆಯೊಂದು ಲೋಟಕ್ಕೆ ಬೀಳುತ್ತದೆ. ಒಂದು ಟಿಕ್, ಒಂದು ಚಮಚ ಸಕ್ಕರೆಯ ಸಿಹಿ. ನನ್ನ ಡಬ್ಬಿ ಮೂರು ಸಲ ಟಿಕ್ ಅಂದರೂ ಏನನ್ನೂ ಉದುರಿಸಲಿಲ್ಲ. ಸಿಟ್ಟು ಬಂದು ಅಂಗೈಗೆ ಬಡಿದು ಮತ್ತೆ ಒತ್ತಿದೆ. ಏಳೆಂಟು ಒಟ್ಟಿಗೇ ಹಾರಿ, ತೆಗೆಯೋಣ ಅನ್ನುವಷ್ಟರಲ್ಲಿ ಕರಗಿಯೂ ಹೋದವು. ಟೀ ಚೆಲ್ಲೋಕೆ ಮನಸ್ಸು ಬರುತ್ತಾ? ಕುಡಿದೆ. ಸ್ಯಾಕರಿನ್ ಸಕ್ಕರೆಗಿಂತ 300 ಪಟ್ಟಿಗೂ ಹೆಚ್ಚು ಸಿಹಿ. ಜಾಸ್ತಿಯಾದರೆ ಸಿಹಿಯ ಬೆನ್ನಿಗೇ ಕಹಿ ಬರುತ್ತದೆ. ಊಟದ ಹೊತ್ತಿನವರೆಗೂ ಬಾಯಲ್ಲಿ ಬೀಗದ ಕೈ ಇಟ್ಟುಕೊಂಡ ಹಾಗಿತ್ತು.

ಇಂಥ ಸಿಹಿಗಳ ಹುಟ್ಟಿನ ಕಥೆ ಓದಿದ ಮೇಲೆ ಸ್ವಲ್ಪ ಸಮಾಧಾನವಾಯಿತು. 1879ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿದ್ದ ರಸಾಯನ ವಿಜ್ಞಾನಿ ಫಾಲ್‌ಬರ್ಗ್ ಸರಿಯಾಗಿ ಕೈ ತೊಳೆಯದೆ ಊಟಕ್ಕೆ ಕೂತನಂತೆ, ಬ್ರೆಡ್ ಸಿಹಿ ಹತ್ತಿತಂತೆ. ಅದೇ ಸ್ಯಾಕರಿನ್. 1965ರಲ್ಲಿ ಇನ್ನೊಬ್ಬ ಕಾಗದ ಎತ್ತಲು ಬೆರಳು ನೆಕ್ಕಿದ, ಆಸ್ಪರ್ಟೇಮ್ ಸಿಕ್ಕಿತು. 1976ರಲ್ಲಿ ಲಂಡನ್ನಿನಲ್ಲಿ ಶಶಿಕಾಂತ ಫಡ್ನಿಸ್ ಅವರಿಗೆ 'ಟೆಸ್ಟ್ ಮಾಡು' ಅಂದದ್ದು 'ಟೇಸ್ಟ್ ಮಾಡು' ಅಂತ ಕೇಳಿಸಿ ಸುಕ್ರಲೋಸ್ ಸಿಕ್ಕಿತಂತೆ. ನಾನೂ ಕೈ ತೊಳೆಯದೆ ಎಷ್ಟೋ ಸಲ ಊಟಕ್ಕೆ ಕೂತಿದ್ದೇನೆ. ಸಿಕ್ಕಿದ್ದು ಬೈಗುಳ ಮಾತ್ರ.

ಆಮೇಲೆ ಆಸ್ಪರ್ಟೇಮ್ ಪುಡಿ ಹಾಕಿ ಕೇಕ್ ಮಾಡಿದೆ. ಆ ಪುಡಿ ಒಲೆಯ ಕಾವಿಗೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ. ಪೊಟ್ಟಣದ ಹಿಂದೆ ಬರೆದಿತ್ತು, ನಾನು ಮುಂದೆ ಮಾತ್ರ ಓದಿದ್ದೆ. ಕೇಕಿನ ಮೈ, ಬಣ್ಣ ಎರಡಕ್ಕೂ ಸಕ್ಕರೆ ಬೇಕು ಅನ್ನೋದೂ ಅವತ್ತೇ ಗೊತ್ತಾಗಿದ್ದು. ಹೊರಬಂದದ್ದು ಬಿಳಚಿಕೊಂಡ ಒಂದು ಇಟ್ಟಿಗೆ. ಹೆಂಡತಿ ಅದನ್ನು ಬೆರಳಿಂದ ತಟ್ಟಿ ನೋಡಿ, 'ಬಾಗಿಲಿಗೆ ಒತ್ತು ಕೊಡೋಕೆ ಆಗತ್ತೆ, ಇಟ್ಟಿರಿ' ಅಂದಳು.

ಕೊನೆಗೆ 'ಶುಗರ್ ಫ್ರೀ' ಚಾಕೊಲೇಟಿಗೆ ಬಂದೆ. ಫ್ರೀ ಅಂದ ಮೇಲೆ ಲೆಕ್ಕ ಯಾಕೆ, ಅಲ್ವಾ? ಅದರಲ್ಲಿ ಸಕ್ಕರೆಯ ಬದಲು ಹಾಕುವ ಮಾಲ್ಟಿಟಾಲ್ ಅನ್ನೋ ಸಿಹಿ ಇತ್ತು. ಅದು ರಕ್ತದ ಸಕ್ಕರೆಯನ್ನು ಏರಿಸದೇ ಇರುವುದಿಲ್ಲ, ಸಕ್ಕರೆಗಿಂತ ಕಡಿಮೆ ಅಷ್ಟೇ. ಪೂರ್ತಿ ಜೀರ್ಣವಾಗದೆ ಉಳಿದದ್ದು ಕರುಳಿಗಿಳಿದು ಗುಡುಗು ಶುರುಮಾಡುತ್ತದೆ. ರಾತ್ರಿ ಮೂರು ಗಂಟೆಗೆ ನಾಲ್ಕನೇ ಸಲ ಎದ್ದಾಗ ಕತ್ತಲಲ್ಲಿ ಹೆಂಡತಿಯ ದನಿ ಬಂತು. 'ಎಷ್ಟು ತುಂಡು ತಿಂದ್ರಿ?'

'ಒಂದೇ' ಅಂದೆ. ಸುಳ್ಳಲ್ಲ. ನಾನು ಅದನ್ನು ಮುರಿದೇ ಇರಲಿಲ್ಲ.