ಬಿಟ್ಟು ಹೋದ ಅಪ್ಪ ಲಕ್ವಾ ಹೊಡೆದು ಬಂದರೆ?

ಬಾಗಲಕೋಟೆಯ ನವನಗರದಲ್ಲಿ ನಮ್ಮ ಹಿಂದಿನ ಸಾಲಿನಲ್ಲಿ ಒಂದು ಮನೆ. ಆಲಮಟ್ಟಿ ಹಿನ್ನೀರಿಗೆ ಅವರ ಹೊಲ ಹೋಯಿತು, ಪರಿಹಾರದ ದುಡ್ಡು ಬಂತು. ದುಡ್ಡು ತಗೊಂಡು ಸೊಲ್ಲಾಪುರದ ಕಡೆ ಹೋದ ಅಪ್ಪ ಇಪ್ಪತ್ತು ವರ್ಷ ಈ ಕಡೆ ಮುಖ ಹಾಕಲಿಲ್ಲ. ಈಗ ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿದ್ದಿದೆ. ಯಾರೋ ಗಾಡಿಯಲ್ಲಿ ತಂದು ಬಾಗಿಲಿಗೆ ಬಿಟ್ಟು ಹೋಗಿದ್ದಾರೆ. "ಇವನನ್ನು ನಾನ್ಯಾಕೆ ನೋಡಬೇಕು?" ಅಂತ ಮಗ ಕೇಳಿದ. ಓಣಿಯಲ್ಲಿ ಎರಡು ಪಂಗಡ ಆಯಿತು. ನಾನು ಎರಡೂ ಕಡೆ ಕೂತು ಎದ್ದೆ.

ಪರ: ನೋಡಲೇಬೇಕು

"ಎಷ್ಟಂದ್ರೂ ಹಡೆದಪ್ಪ ಅಲ್ವಾ" ಅನ್ನುತ್ತಾರೆ ಮಂದಿ. ಆ ಮಾತು ನನಗೆ ಸಾಲದು. ಹಡೆದದ್ದು ಅವ್ವ, ಸಾಕಿದ್ದೂ ಅವ್ವ. ನನ್ನ ಕಾರಣ ಬೇರೆ. ಆ ಮನುಷ್ಯ ತಾನಾಗಿ ಮಗ್ಗಲು ಬದಲಿಸಲಾರ. ಎರಡು ತಾಸಿಗೊಮ್ಮೆ ಯಾರಾದರೂ ಹೊರಳಿಸದಿದ್ದರೆ ಸೊಂಟ, ಹಿಮ್ಮಡಿಯ ಚರ್ಮ ಒತ್ತಿಕೊಂಡು ಹುಣ್ಣಾಗುತ್ತದೆ. ಬಿಟ್ಟರೆ ಎಲುಬಿನ ತನಕ ಇಳಿಯುತ್ತದೆ. ಹೆಂಡತಿ ಮಕ್ಕಳನ್ನು ಬಿಟ್ಟು ಹೋದ ತಪ್ಪಿಗೆ ಈ ಶಿಕ್ಷೆ ಯಾವ ಕೋರ್ಟೂ ಕೊಡುವುದಿಲ್ಲ. ನಾವ್ಯಾಕೆ ಕೊಡಬೇಕು?

ಹೊಡೆತ ಬಿದ್ದ ಮೊದಲ ತಿಂಗಳುಗಳಲ್ಲಿ ಫಿಸಿಯೋಥೆರಪಿ ಸರಿಯಾಗಿ ಆದರೆ ಕೆಲವರು ಕೋಲು ಹಿಡಿದು ಸಂಡಾಸಿಗೆ ಹೋಗುವಷ್ಟಾಗುತ್ತಾರೆ. ಸಿಟ್ಟಿನಲ್ಲಿ ಆ ತಿಂಗಳು ಕಳೆದರೆ ಮುಂದೆ ಹೊರೆ ಜಾಸ್ತಿ ಆಗುವುದು ಮನೆಯವರಿಗೇ.

ಕಾನೂನೂ ಹಳೆಯ ಜಗಳ ಕೆದಕುವುದಿಲ್ಲ. ತಂದೆ ತಾಯಿಯ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆ ಊಟ, ಬಟ್ಟೆ, ಸೂರು, ಔಷಧ ಇಷ್ಟನ್ನು ಕೇಳುತ್ತದೆ. ಅರ್ಜಿ ಉಪವಿಭಾಗಾಧಿಕಾರಿ ಮುಂದೆ ಹೋದರೆ ತಿಂಗಳಿಗೆ 10,000 ರೂಪಾಯಿವರೆಗೆ ಕೊಡಲು ಆದೇಶ ಆಗಬಹುದು. ಮನೆಯಲ್ಲಿಟ್ಟುಕೊಂಡ 60 ದಾಟಿದವರನ್ನು ಬೇಕೆಂದೇ ಎಲ್ಲೋ ಬಿಟ್ಟು ಬಂದರೆ ಮೂರು ತಿಂಗಳವರೆಗೆ ಜೈಲೂ ಇದೆ.

ವಿರೋಧ: ನೋಡಬೇಕಿಲ್ಲ

"ಆಯ್ತು, ನೋಡ್ಕೋತೀವಿ" ಅನ್ನುವವನು ಮಗ. ನೋಡಿಕೊಳ್ಳುವವರು ಯಾರು? ಮಗ ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುತ್ತಾನೆ. ಆಮೇಲೆ ಗಂಜಿ ಕುಡಿಸುವುದು, ಡಯಾಪರ್ ಬದಲಿಸುವುದು, ಆ ಎರಡು ತಾಸಿಗೊಮ್ಮೆ ಹೊರಳಿಸುವುದು ಎಲ್ಲ ಸೊಸೆಯ ಪಾಲು. ತಮಾಷೆ ನೋಡಿ. 2007ರ ಕಾಯ್ದೆ "ಮಕ್ಕಳು" ಅಂತ ಹೇಳುವಾಗ ಮಗ, ಮಗಳು, ಮೊಮ್ಮಕ್ಕಳನ್ನು ಹೆಸರಿಸುತ್ತದೆ. ಸೊಸೆಯ ಹೆಸರಿಲ್ಲ. ಈ ಸೊಸೆ ಮಾವನ ಮುಖ ನೋಡಿದ್ದೇ ಹೋದ ತಿಂಗಳು.

ಇನ್ನು ಅವ್ವ. ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟು ಮಗನನ್ನು ಓದಿಸಿದವರು. ಬೆಲ್ಟಿನ ಏಟು ತಿಂದವರು. ಆ ಬೆಲ್ಟಿನವನು ಈಗ ಅವರದೇ ಪಡಸಾಲೆಯಲ್ಲಿ, ಟಿವಿ ಎದುರು ಮಲಗಿದ್ದಾನೆ. ನಿಮಗೆ ಒಪ್ಪಿಗೆಯೇ ಅಂತ ಅವರನ್ನು ಯಾರೂ ಕೇಳಲಿಲ್ಲ. ಓಣಿಯ ಹಿರಿಯರಂತೂ ಕೇಳುವ ಪೈಕಿಯೇ ಅಲ್ಲ. ಜನಿವಾರ ಒಲ್ಲೆನೆಂದು ಅಪ್ಪನ ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದ ಬಸವಣ್ಣನ ಕಥೆ ಕೇಳಿ ಬೆಳೆದ ಜಿಲ್ಲೆ ನಮ್ಮದು. ಇಲ್ಲೇ "ಅಪ್ಪ ಅಂದಮೇಲೆ ಮುಗೀತು" ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಸಿಟ್ಟು ತುಂಬಿದ ಮನೆ ರೋಗಿಗೂ ಒಳ್ಳೆಯದಲ್ಲ. ನುಂಗಲು ಕಷ್ಟ ಇರುವವರಿಗೆ ತಾಳ್ಮೆಯಿಂದ ಚಮಚ ಚಮಚವಾಗಿ ತಿನ್ನಿಸಬೇಕು. ಗಡಿಬಿಡಿ ಮಾಡಿದರೆ ಅನ್ನ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಲ್ಲು ಕಡಿಯುತ್ತ ತಿನ್ನಿಸುವ ಕೈಗಿಂತ ಸಂಬಳದ ಕೈ ಮೇಲು. ಕಾಯ್ದೆ ಕೊಡಿಸುವುದೂ ದುಡ್ಡನ್ನೇ. ಮಗ ದುಡ್ಡು ಕೊಡಲಿ, ಆರೈಕೆಯವರನ್ನು ಇಡಲಿ, ಇಲ್ಲವೇ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ವೃದ್ಧಾಶ್ರಮ ವಿಚಾರಿಸಲಿ. ದುಡ್ಡು ಎಲ್ಲಿಂದ ಅನ್ನುತ್ತೀರಾ? ಆ ಪ್ರಶ್ನೆ ನಿಜ. 65 ದಾಟಿದವರಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿಯಲ್ಲಿ ಡಯಾಪರಿನ ಖರ್ಚೂ ಪೂರೈಸುವುದಿಲ್ಲ.

ನನ್ನ ಮನಸ್ಸು ಈ ಎರಡನೇ ಕಡೆಗೇ ಜಾಸ್ತಿ ವಾಲಿದೆ. ಆದರೂ ಹೊರಳಿಸುವವರಿಲ್ಲದ ಆ ಬೆನ್ನು ನೆನಪಾದರೆ ಸುಮ್ನೆ ಕೂರಲೂ ಆಗುವುದಿಲ್ಲ.

ಹೋದ ವಾರ ಕೊನೆಗೂ ಸೊಸೆಯೇ ಅವ್ವನನ್ನು ಕೇಳಿದಳಂತೆ. ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸದೇ ಹೇಳಿದರಂತೆ: "ಊಟ ಕಳಸ್ತೀನಿ. ಮಂಚ ಹೊರಗಿನ ಖೋಲ್ಯಾಗ ಹಾಕ್ರಿ. ನನ್ನ ಮಾತ್ರ ಕರೀಬ್ಯಾಡ್ರಿ."