ಸತ್ಯಾಂಶ: ಬ್ರಿಟನ್‌ನಲ್ಲಿ ಡ್ರಿಲ್ ರ‍್ಯಾಪ್ ಬ್ಯಾನ್ ಆಗಿದೆಯಾ?

ಡ್ರಿಲ್ ಅಂದರೆ ಗಲ್ಲಿ ಬದುಕು, ಗ್ಯಾಂಗ್ ಜಗಳಗಳ ಬಗ್ಗೆ ಕಟುವಾಗಿ ಹಾಡುವ ರ‍್ಯಾಪ್ ಶೈಲಿ. ‘ಬ್ರಿಟನ್‌ನಲ್ಲಿ ಡ್ರಿಲ್ ಹಾಡುಗಳೆಲ್ಲ ಬ್ಯಾನ್’ ಅನ್ನೋ ಫಾರ್ವರ್ಡ್ ಸುಳ್ಳು. ಆದರೆ ಬೆಂಕಿಯಿಲ್ಲದೆ ಎದ್ದ ಹೊಗೆಯೂ ಅಲ್ಲ.

2018ರಲ್ಲಿ, ಹಿಂಸೆಗೆ ಕುಮ್ಮಕ್ಕು ಕೊಡುತ್ತವೆ ಎಂದು ಲಂಡನ್ ಪೊಲೀಸರು ಕೇಳಿದ್ದಕ್ಕೆ ಯೂಟ್ಯೂಬ್ ಸುಮಾರು 30 ಡ್ರಿಲ್ ವಿಡಿಯೊಗಳನ್ನು ತೆಗೆದುಹಾಕಿತು. ಅದೇ ವರ್ಷ ಒಂದು ಡ್ರಿಲ್ ತಂಡಕ್ಕೆ ಕೋರ್ಟ್ ಷರತ್ತು ಹಾಕಿತು: ಹೊಸ ವಿಡಿಯೊ ಬಿಟ್ಟ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಇದು ಆ ತಂಡಕ್ಕೆ ಮಾತ್ರ, ಇಡೀ ಸಂಗೀತಕ್ಕಲ್ಲ.

ಬ್ಯಾನ್ ಆಗಿದ್ದರೆ 2021ರಲ್ಲಿ ‘ಬಾಡಿ’ ಅಷ್ಟು ಓಡುತ್ತಿತ್ತಾ? ಟಿಯಾನ್ ವೇನ್, ರಸ್ ಮಿಲಿಯನ್ಸ್ ಜೋಡಿಯ ಹಾಡು ಅದು. ರೀಮಿಕ್ಸ್‌ಗೆ ಬ್ರೈಟನ್‌ನ ಆರ್‌ಡೀ, ಮ್ಯಾಂಚೆಸ್ಟರ್‌ನ ಬಗ್ಜಿ ಮಲೋನ್, ಬ್ರೂಕ್ಲಿನ್‌ನ ಫಿವಿಯೊ ಫಾರಿನ್ ಎಲ್ಲ ಸೇರಿದರು. ಸರತಿಯಲ್ಲಿ ನಿಂತ ಹಾಗೆ ಒಬ್ಬೊಬ್ಬರದ್ದೂ ಒಂದೊಂದು ಚರಣ, ಸುಮ್ನೆ ತಮಾಷೆಯ ಗತ್ತು ಜಾಸ್ತಿ. ಬ್ರಿಟನ್ ಸಿಂಗಲ್ಸ್ ಚಾರ್ಟ್‌ನಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಡ್ರಿಲ್ ಹಾಡು ಇದೇ.